ನಿಮ್ಮ ಬಗ್ಗೆ ನೀವೇ ಮಾತನಾಡುವ ಮುನ್ನ: ಸ್ವಪರಿಚಯ ಭಾಷಣಕ್ಕೆ ಟಿಪ್ಪಣಿ ಸಿದ್ಧಪಡಿಸುವುದು ಹೇಗೆ?

ಪದವಿ ಕಾಲೇಜಿನ ಮೊದಲ ವಾರ, ಎನ್‌ಎಸ್‌ಎಸ್ ಶಿಬಿರದ ಮೊದಲ ಸಂಜೆ, ಹೊಸ ನೌಕರಿಯ ತರಬೇತಿ, ಸ್ವಸಹಾಯ ಸಂಘದ ತಾಲ್ಲೂಕು ಮಟ್ಟದ ಸಭೆ, ಹೀಗೆ ಎಲ್ಲಿ ಹೋದರೂ ‘ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ’ ಎಂಬ ಕೋರಿಕೆ ಬಂದೇ ಬರುತ್ತದೆ. ಹೆಚ್ಚಿನವರು ಹೆಸರು, ಊರು, ತಂದೆ-ತಾಯಿ, ಓದಿದ ಶಾಲೆ, ಹವ್ಯಾಸ ಎಂದು ಅರ್ಜಿ ನಮೂನೆ ತುಂಬಿದಂತೆ ಒಪ್ಪಿಸಿ ಕುಳಿತುಬಿಡುತ್ತಾರೆ. ಹೇಳಿದ್ದರಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಹೊಸನಗರದಿಂದ ಬಂದವರು ಯಾರು, ಸೊರಬದಿಂದ ಬಂದವರು ಯಾರು ಎಂಬುದು ಕೂಡ ಸಭೆ ಮುಗಿಯುವ ಹೊತ್ತಿಗೆ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ, ಭಾಷಣ ಕಲೆಯನ್ನು ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯಲ್ಲಿ ಹೊಸ ಸದಸ್ಯರು ಮಾಡಬೇಕಾದ ಮೊದಲ ಭಾಷಣವೇ ಸ್ವಪರಿಚಯ. ಅದಕ್ಕೆ ಸಿಗುವ ಅವಧಿ 4ರಿಂದ 6 ನಿಮಿಷ. ವಿಷಯ ಹುಡುಕಿಕೊಂಡು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ ಎಂಬುದು ಇದರ ಅನುಕೂಲ. ಇಪ್ಪತ್ತು ವರ್ಷದ ಬದುಕನ್ನು ಐದು ನಿಮಿಷಕ್ಕೆ ಇಳಿಸಬೇಕು ಎಂಬುದು ಇದರ ಕಷ್ಟ. ಆದ್ದರಿಂದ ಇಲ್ಲಿ ಟಿಪ್ಪಣಿಯ ಮುಖ್ಯ ಕೆಲಸ ಆಯ್ಕೆಯೇ ಹೊರತು ಸಂಗ್ರಹವಲ್ಲ.

ಮೊದಲು ಒಂದು ಹಾಳೆಯಲ್ಲಿ ನಿಮ್ಮ ಬಗ್ಗೆ ತೋಚಿದ್ದನ್ನೆಲ್ಲ ಸಣ್ಣ ಸಣ್ಣ ಸಾಲುಗಳಲ್ಲಿ ಬರೆದುಕೊಳ್ಳಿ. ಕ್ರಮ ಬೇಡ, ತಿದ್ದುವುದೂ ಬೇಡ. ಊರು, ಮನೆಯ ಕಸುಬು, ಇಷ್ಟವಾಗದ ಪಾಠ, ಕಲಿತ ಕೆಲಸ, ಅಂಜಿಕೆ, ಮನಸ್ಸು ಬದಲಾದ ದಿನ, ಎಲ್ಲವೂ ಬರಲಿ. ಬಳಿಕ ‘ಇದನ್ನು ಈ ಸಭೆಯಲ್ಲಿ ಇನ್ನೊಬ್ಬರೂ ಹೇಳಬಹುದೇ?’ ಎಂದು ಪ್ರತಿ ಸಾಲಿಗೂ ಕೇಳಿಕೊಂಡು, ಹೌದು ಎನಿಸಿದ್ದನ್ನು ಹೊಡೆದುಹಾಕಿ. ಪುಸ್ತಕ ಓದುವುದು, ಹಾಡು ಕೇಳುವುದು ಇಲ್ಲಿಯೇ ಬಿದ್ದುಹೋಗುತ್ತವೆ. ಅಂಕಪಟ್ಟಿಯ ವಿವರವೂ ಬೀಳಲಿ, ಅದು ಬಯೋಡೇಟಾದಲ್ಲಿ ಇದ್ದರೆ ಸಾಕು.

ಉಳಿದ ಸಾಲುಗಳನ್ನು ನೋಡುತ್ತಾ ಇಡೀ ಭಾಷಣವನ್ನು ಒಂದೇ ವಾಕ್ಯದಲ್ಲಿ ಬರೆಯುವುದು ಮುಂದಿನ ಹಂತ. ನನ್ನ ಅಭಿಪ್ರಾಯದಲ್ಲಿ ಇದೇ ಅತ್ಯಂತ ಮುಖ್ಯವಾದ ಹಂತ; ಅರ್ಧ ಸಮಯವನ್ನು ಇದಕ್ಕೇ ಕೊಟ್ಟರೂ ನಷ್ಟವಿಲ್ಲ. ಸಾಗರ ತಾಲ್ಲೂಕಿನ ತುಮರಿ ಕಡೆಯಿಂದ ಶಿವಮೊಗ್ಗಕ್ಕೆ ನರ್ಸಿಂಗ್ ಓದಲು ಬಂದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಅವಳ ಹಾಳೆಯಲ್ಲಿ ಅಡಿಕೆ ತೋಟ, ಅಜ್ಜನ ಮನೆ, ಶಾಲೆಯ ಥ್ರೋಬಾಲ್ ತಂಡ, ಶರಾವತಿ ಹಿನ್ನೀರು, ಅದನ್ನು ದಾಟಿಸುವ ಯಂತ್ರದೋಣಿಯಾದ ಲಾಂಚ್, ಅಮ್ಮನ ಹೊಲಿಗೆ ಎಲ್ಲವೂ ಇವೆ. ಇವುಗಳ ನಡುವಿನಿಂದ ಅವಳು ತೆಗೆದ ವಾಕ್ಯ ಹೀಗಿರಬಹುದು: ‘ಹೊತ್ತು ಮೀರಿದರೆ ಹೊಳೆ ದಾಟಲು ಆಗದ ಊರಿನಲ್ಲಿ ಬೆಳೆದದ್ದರಿಂದ ನಾನು ನರ್ಸಿಂಗ್ ಆರಿಸಿಕೊಂಡೆ.’ ಈ ವಾಕ್ಯ ಸಿಕ್ಕಿದ ಕೂಡಲೇ ಯಾವುದು ಬೇಕು, ಯಾವುದು ಬೇಡ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಥ್ರೋಬಾಲ್ ಎಷ್ಟೇ ಪ್ರಿಯವಾಗಿದ್ದರೂ ಅದನ್ನು ಈ ಭಾಷಣದಿಂದ ಕೈಬಿಡಲೇಬೇಕು.

ಈಗ ನಡುಭಾಗಕ್ಕೆ ಎರಡು ಅಥವಾ ಮೂರು ಅಂಶಗಳನ್ನು ಜೋಡಿಸಬೇಕು. ಪ್ರತಿ ಅಂಶದ ಕೆಳಗೆ ಕಣ್ಣಿಗೆ ಕಟ್ಟುವ ಒಂದಾದರೂ ವಿವರ ಇರಲಿ. ಆ ವಿದ್ಯಾರ್ಥಿನಿಯ ಟಿಪ್ಪಣಿ ಹೀಗೆ ಸಾಗಬಹುದು. ಒಂದು, ಊರು: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಂತಾಗ ಅಜ್ಜನ ಗದ್ದೆ ಮುಳುಗಿದ್ದು, ಮನೆ ಗುಡ್ಡದ ಮೇಲಕ್ಕೆ ಬಂದದ್ದು. ಎರಡು, ಲಾಂಚ್: ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಪಕ್ಕದ ಮನೆಯ ಹೆಂಗಸಿಗೆ ಹೆರಿಗೆ ನೋವು ಬಂದದ್ದು, ಜೀಪಿನಲ್ಲಿ ಕಾಡಿನ ಸುತ್ತುದಾರಿ ಹಿಡಿದದ್ದು, ಜೊತೆಗೆ ಹೋಗಿದ್ದ ಅಮ್ಮ ಮರುದಿನ ಬಂದು ಹೇಳಿದ ಮಾತು. ಮೂರು, ಇಂದು: 2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೂ ಊರಿನಲ್ಲಿಯೇ ತರಬೇತಿ ಪಡೆದವರೊಬ್ಬರು ಇರಬೇಕು ಎಂದು ಅವಳಿಗೆ ಏಕೆ ಅನ್ನಿಸುತ್ತದೆ ಎಂಬುದು. ಇಲ್ಲಿ ಕಾಲಕ್ರಮ ಸಹಜವಾಗಿ ಒದಗಿ ಬಂದಿದೆ, ಆದರೆ ಅದು ಕಡ್ಡಾಯವಲ್ಲ. ಎರಡನೆಯ ಅಂಶದಿಂದಲೇ ಆರಂಭಿಸಿ ಅಜ್ಜನ ಕಾಲಕ್ಕೆ ಹಿಂದಿರುಗಿದರೂ ಭಾಷಣ ನಿಲ್ಲುತ್ತದೆ.

ಇಂತಹ ಸಂಗತಿಗಳಲ್ಲಿ ಬೇರೆಯವರ ಬದುಕೂ ಸೇರಿರುತ್ತದೆ. ನೆರೆಮನೆಯವರ ಹೆಸರು, ಮನೆಯ ಸಾಲ, ಕಾಯಿಲೆ ಮೊದಲಾದವು ಟಿಪ್ಪಣಿಗೆ ಬಂದಿದ್ದರೆ ಸಂಬಂಧಪಟ್ಟವರನ್ನು ಕೇಳಿ, ಅವರು ಬೇಡವೆಂದರೆ ಆ ಭಾಗವನ್ನು ತೆಗೆದುಬಿಡಿ.

ಆರಂಭ ಮತ್ತು ಮುಕ್ತಾಯವನ್ನು ಕಡೆಗೆ ಬರೆಯುವುದು ಲೇಸು, ಏಕೆಂದರೆ ನಡುಭಾಗ ಗಟ್ಟಿಯಾಗುವವರೆಗೆ ಯಾವುದಕ್ಕೆ ಪೀಠಿಕೆ ಹಾಕುತ್ತಿದ್ದೇವೆ ಎಂಬುದೇ ನಮಗೆ ತಿಳಿದಿರುವುದಿಲ್ಲ. ವೇದಿಕೆಯ ಮೇಲಿರುವ ಗಣ್ಯರನ್ನೆಲ್ಲ ಹೆಸರು ಹಿಡಿದು ಸಂಬೋಧಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಐದು ನಿಮಿಷದ ಮಾತಿನಲ್ಲಿ ಅದಕ್ಕೆ ಒಂದು ಸಾಲು ಮೀಸಲಿಟ್ಟು, ‘ಎಲ್ಲರಿಗೂ ನಮಸ್ಕಾರ’ ಎಂದು ನೇರವಾಗಿ ವಿಷಯಕ್ಕೆ ಬರುವುದರಿಂದ ಯಾರಿಗೂ ಅಗೌರವವಾಗುವುದಿಲ್ಲ. ‘ನನಗೆ ಅಷ್ಟು ಚೆನ್ನಾಗಿ ಮಾತನಾಡಲು ಬರುವುದಿಲ್ಲ’ ಎಂಬ ಪೀಠಿಕೆಯನ್ನಂತೂ ದಯವಿಟ್ಟು ಬಿಡಿ. ಮುಕ್ತಾಯದಲ್ಲಿ ಹೇಳಿದ್ದನ್ನೇ ಮತ್ತೆ ಹೇಳದೆ, ಮುಂದೆ ಮಾಡಬೇಕೆಂದಿರುವ ಒಂದು ಕೆಲಸವನ್ನು ಹೆಸರಿಸಿದರೆ ಸಾಕು.

ಇಷ್ಟಾದ ಮೇಲೆ ಎಲ್ಲವನ್ನೂ ಅಂಚೆ ಕಾರ್ಡಿನ ಅಳತೆಯ ಒಂದು ರಟ್ಟಿಗೆ ಇಳಿಸಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯವನ್ನು ಪೂರ್ತಿಯಾಗಿ ಬರೆಯಿರಿ. ಗಾಬರಿಯಾಗುವುದು ಹೆಚ್ಚಾಗಿ ಆ ಎರಡು ಜಾಗಗಳಲ್ಲಿಯೇ. ನಡುಭಾಗಕ್ಕೆ ಒಂದೊಂದು ಅಂಶಕ್ಕೆ ನಾಲ್ಕೈದು ಪದಗಳ ಸುಳಿವು ಸಾಕು, ಇಸವಿಗಳಿದ್ದರೆ ಅಂಕಿಯಲ್ಲಿ ದಪ್ಪಗೆ ಬರೆಯಿರಿ. ಇಡೀ ಭಾಷಣವನ್ನು ಬರೆದುಕೊಂಡವರು ತಲೆ ತಗ್ಗಿಸಿ ಓದತೊಡಗುತ್ತಾರೆ, ಮತ್ತು ಒಂದು ಸಾಲು ತಪ್ಪಿದರೂ ಎಲ್ಲಿದ್ದೇವೆಂದು ಹುಡುಕುತ್ತಾ ನಿಲ್ಲುತ್ತಾರೆ.

ಕೊನೆಯದಾಗಿ, ರಟ್ಟನ್ನು ಕೈಯಲ್ಲಿ ಹಿಡಿದು, ಎದ್ದು ನಿಂತು, ದನಿ ತೆರೆದು ಹೇಳಿ ನೋಡಿ. ಮೊಬೈಲಿನಲ್ಲಿ ಸಮಯ ಅಳೆಯಿರಿ. ಐದು ನಿಮಿಷದ ಮಾತಿಗೆ ಆರಂಭ ಅರ್ಧ ನಿಮಿಷ, ಮುಕ್ತಾಯ ಅರ್ಧ ನಿಮಿಷ, ಉಳಿದದ್ದೆಲ್ಲ ನಡುಭಾಗಕ್ಕೆ ಎಂಬ ಹಂಚಿಕೆ ಸರಿಹೋಗುತ್ತದೆ. ಸಮಯ ಮೀರಿದರೆ ವೇಗ ಹೆಚ್ಚಿಸಬೇಡಿ. ಮೂರು ಅಂಶಗಳಲ್ಲಿ ಬಡವಾದ ಒಂದನ್ನು ಪೂರ್ತಿ ಹೊಡೆದುಹಾಕಿ, ಉಳಿದ ಎರಡನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿ ನೋಡಿ.