ಅಗ್ಗದ ಪ್ರಿಂಟರಿನಲ್ಲಿ ಕನ್ನಡ ಪಟ್ಟಿ: ಬರೆದದ್ದೂ ನಾನೇ, ಮಾರಿದ್ದೂ ನಾನೇ

ಅಡಿಕೆ ಮಂಡಿಯಲ್ಲಿ ರೈತರಿಗೆ ಕೊಡುವ ತೂಕ-ಹಣದ ಲೆಕ್ಕದ ಚೀಟಿಯೇ ಪಟ್ಟಿ. ಅದನ್ನು ಕನ್ನಡದಲ್ಲಿ ಮುದ್ರಿಸುವ ಸಾಫ್ಟ್‌ವೇರ್ ಬರೆದು ಮಾರುತ್ತೇನೆ. ಎರಡಿಂಚಿನ ಥರ್ಮಲ್ ಪ್ರಿಂಟರಿನಲ್ಲಿ ಕನ್ನಡ ಬರಲ್ಲ, ಬಂದರೂ ಅಡಿಕೆ ಮಂಡಿಯವರು ವರ್ಷವರ್ಷ ದುಡ್ಡು ಕೊಡಲ್ಲ ಅಂದವರೇ ಹೆಚ್ಚು. ಈಗ ಎರಡೂ ನಡೆಯುತ್ತಿವೆ. ಕೋಡೂ ವ್ಯಾಪಾರವೂ ನಾನೇ ಕಲಿತದ್ದು. ಗುಮಾಸ್ತರ ಪಕ್ಕ ಕೂತವನೇ ಕೋಡ್ ಬರೆದದ್ದರಿಂದ ಇದು ಕೈಹತ್ತಿತು.

ಈ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಫಾಂಟ್ ಇರುವುದಿಲ್ಲ. ಇಡೀ ಪಟ್ಟಿಯನ್ನು ಚಿತ್ರ ಮಾಡಿ ಕಳಿಸಬೇಕು. 58 ಮಿ.ಮೀ. ಕಾಗದಕ್ಕೆ ಅಗಲ 384 ಚುಕ್ಕಿ, ಎಂಟು ಚುಕ್ಕಿಗೊಂದರಂತೆ ಸಾಲಿಗೆ 48 ಬೈಟ್. ಅಗಲದ ಲೆಕ್ಕ ಒಂದು ಬೈಟ್ ತಪ್ಪಿದರೂ ಅಕ್ಷರಗಳೆಲ್ಲ ಓರೆಯಾಗಿ ಜಾರುತ್ತವೆ. ಪೈಥಾನ್ ಭಾಷೆಯ ಚಿತ್ರ ಮಾಡುವ ಲೈಬ್ರರಿ ಪಿಲ್ಲೋದಲ್ಲಿ ಬರೆಯುವುದಾದರೆ, ಅಕ್ಷರಗಳನ್ನು ಸರಿಯಾಗಿ ಜೋಡಿಸುವ ರಾಕ್ಮ್ (Raqm) ಅದರಲ್ಲಿ ಇದೆಯೇ ಅಂತ ಮೊದಲು ನೋಡಿ. ಇಲ್ಲದಿದ್ದರೆ ಒತ್ತಕ್ಷರಗಳು ಕಳಚಿ ಪಕ್ಕಪಕ್ಕ ಬೀಳುತ್ತವೆ. ಕಪ್ಪು-ಬಿಳುಪಿಗೆ ಇಳಿಸುವಾಗ ಡಿದರಿಂಗ್ (ಬೂದು ಬಣ್ಣವನ್ನು ಚುಕ್ಕಿ ಚದುರಿಸಿ ತೋರಿಸುವುದು) ಬೇಡ, ಅಂಚು ಕಾಳುಕಾಳಾಗುತ್ತದೆ. ಒಂದು ಮಿತಿ ಹಾಕಿ, ಅದಕ್ಕಿಂತ ಗಾಢವಾದದ್ದು ಕಪ್ಪು, ಉಳಿದದ್ದು ಬಿಳಿ ಮಾಡಿ. ಅಕ್ಷರ 22 ಚುಕ್ಕಿಗಿಂತ ಸಣ್ಣದಾದರೆ ಒತ್ತುಗಳು ಮಸಿ ಕಟ್ಟುತ್ತವೆ, ನನ್ನದು 26ರ ಆಸುಪಾಸು. ಉದ್ದದ ಪಟ್ಟಿಯನ್ನು ಬ್ಲೂಟೂತಿನಲ್ಲಿ ಒಂದೇ ಸಲ ಕಳಿಸಿದರೆ ಅಗ್ಗದ ಪ್ರಿಂಟರಿನ ಬಫರ್ (ಬಂದದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ) ತುಂಬಿ, ಅರ್ಧದಿಂದಾಚೆ ಕಸ ಮುದ್ರಣವಾಗುತ್ತದೆ. ನೂರು ನೂರು ಸಾಲಿನ ತುಂಡು ಮಾಡಿ, ನಡುವೆ ಚೂರು ಬಿಡುವು ಕೊಡಿ. ಎಷ್ಟು ಬಿಡುವು ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಲೆಕ್ಕದಲ್ಲಿ ದಶಮಾಂಶವೇ ಬೇಡ: ಹಣ ಪೈಸೆಯಲ್ಲಿ, ತೂಕ ಗ್ರಾಂನಲ್ಲಿ, ಎರಡೂ ಪೂರ್ಣಾಂಕ. ಚೀಲದ ತೂಕ ಕಳೆದು 63.450 ಕೆಜಿ ‘ರಾಶಿ’ ಬಗೆಯ ಅಡಿಕೆ, ಕ್ವಿಂಟಲಿಗೆ 48,500 ದರ ಅಂದರೆ 30,773.25. ಇದನ್ನು ಆ ಸಾಲಿನಲ್ಲೇ 30,773 ಮಾಡಿ, ಆಮೇಲೆ ಕೂಡಿಸಬೇಕು. ಮೊತ್ತವನ್ನು ಮಾತ್ರ ಪೂರ್ಣ ಮಾಡಿದರೆ, ಸಾಲುಗಳನ್ನು ಕ್ಯಾಲ್ಕುಲೇಟರಿನಲ್ಲಿ ಕೂಡಿಸುವ ಗುಮಾಸ್ತರಿಗೆ ಒಂದು ರೂಪಾಯಿ ವ್ಯತ್ಯಾಸ ಸಿಗುತ್ತದೆ. ಅಲ್ಲಿಗೆ ನಂಬಿಕೆ ಹೋಯಿತು, ಮಾರಾಟವೂ ಹೋಯಿತು.

ಮಾರುವಾಗ ಖಾಲಿ ಡೆಮೊ ತೋರಿಸಿದರೆ ಯಾರೂ ಕೊಳ್ಳುವುದಿಲ್ಲ. ಅವರದೇ ಹಳೆಯ ಇಪ್ಪತ್ತು ಪಟ್ಟಿ ಪಡೆದು, ಹಮಾಲಿ, ಕಮಿಷನ್, ಮುಂಗಡ ಕಡಿತ ಸಮೇತ ಹಾಕಿ, ಕೈಬರಹದ ಮೊತ್ತಕ್ಕೆ ತಾಳೆ ಮಾಡಿ ಕೊಡಿ. ಕೈಬರಹದ್ದೇ ತಪ್ಪಿದ್ದರೆ ಗುಮಾಸ್ತರಿಗೆ ಒಬ್ಬರಿಗೇ ಹೇಳಿ, ಸಾಹುಕಾರರ ಮುಂದೆ ಬೇಡ. ಸುಂಕದ ದರಗಳನ್ನು ಕೋಡಿನಲ್ಲಿ ಬರೆದು ಕೂರಬೇಡಿ, ತಾರೀಖು ಸಮೇತ ಕೋಷ್ಟಕದಲ್ಲಿಡಿ.

ಪುಕ್ಕಟೆ ಕೊಟ್ಟಲ್ಲಿ ಯಾರೂ ಬಳಸಲಿಲ್ಲ. ಮೊದಲ ವರ್ಷಕ್ಕೆ ಸುಮಾರು ಏಳು ಸಾವಿರ, ಆಮೇಲೆ ವರ್ಷಕ್ಕೆ ಮೂರು ಸಾವಿರದ ಹತ್ತಿರ ನಿಗದಿ ಮಾಡಿದ ಮೇಲೆ ಹಿಡಿಯಿತು. ಅವಧಿ ಮುಗಿದರೆ ಹೊಸ ಪಟ್ಟಿ ಮಾತ್ರ ನಿಲ್ಲುತ್ತದೆ. ಹಳೆಯದು ಯಾವತ್ತೂ ತೆರೆಯುತ್ತದೆ, ಅದು ಅವರ ಲೆಕ್ಕ. ಪ್ರಿಂಟರನ್ನು ನಾನು ಮಾರುವುದಿಲ್ಲ. ಮಾರಿದರೆ ಅದರ ರಿಪೇರಿಯೂ ನಮ್ಮ ತಲೆಗೇ.

ಪಟ್ಟಿ ಹೇಗೂ ಚಿತ್ರವೇ ಆದ್ದರಿಂದ ಅದನ್ನೇ ರೈತರ ವಾಟ್ಸಾಪಿಗೆ ಕಳಿಸುವ ಗುಂಡಿಯೂ ಬಂತು. ತೂಕದ ಯಂತ್ರವನ್ನು ಸೀರಿಯಲ್ ಕೇಬಲಿನಿಂದ ಜೋಡಿಸುವ ಪ್ರಯೋಗ ನಡೆದಿದೆ. ಚೀಲ ಅಲುಗುತ್ತಿರುವಾಗಲೇ ಅದು ಅಂಕಿ ಕಳಿಸುತ್ತಿರುತ್ತದೆ, ಸತತ ಐದು ಸಲ ಒಂದೇ ಅಂಕಿ ಬಂದರಷ್ಟೇ ತೂಕ ಎಂದು ತೆಗೆದುಕೊಳ್ಳುತ್ತೇನೆ.