ಕರುಳಿನ ಬ್ಯಾಕ್ಟೀರಿಯಾಗೂ ಊಟ ಹಾಕಿ, ನಿಧಾನಕ್ಕೆ

ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನಲ್ಲಿ ದೀರ್ಘಕಾಲದ ಉರಿಯೂತ ಇದೆ ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಕೇಳುವುದು, ಯಾವ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಮಾತ್ರೆ) ತಗೋಬೇಕು ಅಂತ. ಆ ಪ್ರಶ್ನೆ ಸ್ವಲ್ಪ ಕಾಯಲಿ. ಹೊಸಬರನ್ನು ಕರೆಯುವ ಮೊದಲು ಒಳಗಿರುವವರ ಹೊಟ್ಟೆ ನೋಡೋಣ.

ದೊಡ್ಡ ಕರುಳಿನ ಒಳಪದರಕ್ಕೆ ಬೇಕಾದ ಶಕ್ತಿಯ ಬಹುಪಾಲು ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲದಿಂದ ಬರುತ್ತದೆ. ನಮಗೆ ಜೀರ್ಣವಾಗದ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಅದನ್ನು ತಯಾರಿಸುತ್ತವೆ. ಫೀಕಲಿಬ್ಯಾಕ್ಟೀರಿಯಂ ಎಂಬುದು ಈ ಕೆಲಸದಲ್ಲಿ ಪಳಗಿದ ಕೈ. ಕ್ರೋನ್ಸ್ ಇರುವ ಎಷ್ಟೋ ಜನರಲ್ಲಿ ಇದೇ ಕಡಿಮೆ, ಈ. ಕೋಲೈ ಎಂಬ ಬ್ಯಾಕ್ಟೀರಿಯಾದ ಬಳಗ ಜಾಸ್ತಿ. ಬ್ಯಾಕ್ಟೀರಿಯಾ ಏರುಪೇರಾಗಿ ಉರಿಯೂತ ಬಂತೋ, ಉರಿಯೂತದಿಂದ ಅವು ಏರುಪೇರಾದವೋ? ಒಂದು ಇನ್ನೊಂದನ್ನು ಕೆಣಕುತ್ತಲೇ ಇರುತ್ತದೆ.

ಊಟದಲ್ಲಿ ನಾರು ಹೆಚ್ಚಿಸುವ ಮುನ್ನ ಮೊದಲ ಹೆಜ್ಜೆ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ. ಕರುಳಿನಲ್ಲಿ ಉರಿಯೂತ ಎಷ್ಟಿದೆ ಅಂತ ಇದು ಸುಳಿವು ಕೊಡುತ್ತದೆ. ಬೆಳಗಿನ ಮೊದಲ ಮಲವನ್ನು ಲ್ಯಾಬಿನವರು ಕೊಟ್ಟ ಡಬ್ಬಿಯಲ್ಲಿ ಹಾಕಿ ಕೊಡಿ. ನಾಚಿಕೆ ಏನೂ ಬೇಡ, ಅವರಿಗೆ ಇದು ದಿನನಿತ್ಯದ ಕೆಲಸ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ನುಂಗಿದ್ದರೆ ಹೇಳಿ, ಅದರಿಂದಲೂ ಅಂಕಿ ಏರುತ್ತದೆ. ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ದರೆ ಕರುಳು ಶಾಂತ. 250 ದಾಟಿದ್ದರೆ ಉರಿಯೂತ ಜೋರಾಗಿದೆ ಅಂತ ವೈದ್ಯರು ಅನುಮಾನಿಸುತ್ತಾರೆ, ಆಗ ನಾರಿನ ಪ್ರಯೋಗ ಬೇಡ. ಕ್ರೋನ್ಸ್‌ನಿಂದ ಕರುಳು ಕಿರಿದಾಗಿರುವವರೂ ಇದನ್ನು ಸುಮ್ನೆ ಶುರು ಮಾಡಬಾರದು. ನಾರು ಅಲ್ಲೇ ಸಿಕ್ಕಿಕೊಳ್ಳಬಹುದು.

ಕರುಳು ಶಾಂತವಾಗಿದೆಯಾ? ವೈದ್ಯರು ಸರಿ ಅಂದರೆ ವಾರಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿ. ಚೆನ್ನಾಗಿ ಬೆಂದ ಕುಂಬಳಕಾಯಿ, ಕ್ಯಾರೆಟ್, ಬಾಳೆಹಣ್ಣು, ಓಟ್ಸ್ ಗಂಜಿ ಮೊದಲು. ಕಾಳು, ಸೊಪ್ಪು ಆಮೇಲೆ. ಎರಡು ಚಮಚದಿಂದ ಶುರುವಾದರೆ ಸಾಕು. ತಿಂದದ್ದು, ಎಷ್ಟು ಸಲ ಹೋಗಿಬಂದಿರಿ, ರಕ್ತ ಕಂಡಿತೇ, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ತಂಗಳನ್ನವೂ ಒಳ್ಳೆಯದೇ. ಅನ್ನ ಆರಿದಾಗ ಅದರ ಪಿಷ್ಟದ ಒಂದು ಪಾಲು ಗಟ್ಟಿಯಾಗಿ, ಜೀರ್ಣವಾಗದೆ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ. ಆದರೆ ಅಜ್ಜಿಯ ಹಾಗೆ ರಾತ್ರಿಯಿಡೀ ನೀರು ಹಾಕಿ ಹೊರಗಿಡಬೇಡಿ. ಈ ಕಾಯಿಲೆಗೆ ಅಜಾಥಿಯೋಪ್ರಿನ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಗೊಳ್ಳುವವರು ಬಹಳ, ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳಿಂದ ಅವರಿಗೆ ಅಪಾಯ ಹೆಚ್ಚು. ಅನ್ನವನ್ನು ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಮೊಸರಿನ ಜೊತೆ ಮುಗಿಸಿಬಿಡಿ.

ಈಗ ಪ್ರೋಬಯಾಟಿಕ್. ಮೊದಲ ಮಹಾಯುದ್ಧದಲ್ಲಿ ಭೇದಿ ತಾಗದ ಸೈನಿಕನೊಬ್ಬನ ಮಲದಿಂದ ಜರ್ಮನಿಯ ಆಲ್ಫ್ರೆಡ್ ನಿಸ್ಲೆ 1917ರಲ್ಲಿ ರೋಗ ತರದ ಒಂದು ಈ. ಕೋಲೈ ತಳಿ ತೆಗೆದರು. ಕೊಲೈಟಿಸ್ ಮರುಕಳಿಸದಂತೆ ತಡೆಯುವುದರಲ್ಲಿ ಅದು ಈ ಕಾಯಿಲೆಯ ಮಾಮೂಲಿ ಔಷಧಿ ಮೆಸಲಮೈನ್‌ಗೆ ಹತ್ತಿರ ನಿಂತಿದ್ದುಂಟು. ಹಾಗಂತ ಅಂಗಡಿಯಲ್ಲಿ ಸಿಗುವ ಬೇರೆ ತಳಿಯ ಕ್ಯಾಪ್ಸೂಲೂ ಅದೇ ಕೆಲಸ ಮಾಡುತ್ತೆ ಅನ್ನೋಕಾಗಲ್ಲ, ಅಲ್ವಾ? ಕ್ರೋನ್ಸ್‌ಗೆ ಪ್ರೋಬಯಾಟಿಕ್ ಉಪಯೋಗವಾದ ಪುರಾವೆ ತೀರಾ ಕಡಿಮೆ. ಯಾವುದನ್ನು ಸೇರಿಸಿದರೂ ವೈದ್ಯರು ಬರೆದ ಮಾತ್ರೆ ನಿಲ್ಲಿಸಬೇಡಿ.

ಕೆಲವು ತಿಂಗಳ ನಂತರ ಕ್ಯಾಲ್‌ಪ್ರೊಟೆಕ್ಟಿನ್ ಮತ್ತೆ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗಿ. ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ.