ವಿಮಾನದ ಗುರುತಿಗೆ ಹೆಕ್ಸ್ ಕೋಡ್ ಹಿಡಿಯಿರಿ

ಡಂಪ್1090 (ವಿಮಾನಗಳ ರೇಡಿಯೊ ಸಂಕೇತ ಓದುವ ಸಾಫ್ಟ್‌ವೇರ್) ಡೇಟಾ ಉಳಿಸಿಡುವವರು ಪ್ರತಿ ವಿಮಾನವನ್ನೂ ಹೆಕ್ಸ್ ಕೋಡ್‌ನಿಂದಲೇ ಗುರುತಿಸಿ. ಅದು ವಿಮಾನಕ್ಕೆ ಕೊಟ್ಟ 24 ಬಿಟ್ ವಿಳಾಸ, ಸಾಮಾನ್ಯವಾಗಿ ಹಾರಾಟ ಬದಲಾದರೂ ಅದೇ ಇರುತ್ತದೆ. ಕಾಲ್‌ಸೈನ್, ಅಂದರೆ ಹಾರಾಟದ ರೇಡಿಯೊ ಹೆಸರು, ಹಾಗಲ್ಲ. ಅದರ ಕೊನೆಯಲ್ಲಿ 8 ಅಕ್ಷರ ತುಂಬಿಸಲು ಖಾಲಿ ಜಾಗ ಬೇರೆ ಸೇರಿರುತ್ತದೆ. ಅದನ್ನು ತೆಗೆಯದೆ ಹುಡುಕಿದರೆ ಸುಮ್ನೆ ಸಮಯ ಹಾಳು.

ಎತ್ತರದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಬ್ಯಾರೊ ಎತ್ತರ 1013.25 ಹೆಕ್ಟೋಪಾಸ್ಕಲ್ ಗಾಳಿಯ ಒತ್ತಡವನ್ನು ಆಧಾರವಾಗಿಟ್ಟುಕೊಂಡ ಲೆಕ್ಕ. ಜಿಪಿಎಸ್ ಎತ್ತರ ಬೇರೆಯೇ. ಇವೆರಡರ ನಡುವೆ ನೂರಾರು ಅಡಿ ವ್ಯತ್ಯಾಸ ಬರುವುದು ಸಹಜ, ರಿಸೀವರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಬೇರೆ ಬೇರೆ ಕಾಲಂನಲ್ಲಿ ಇಡಿ. ನೆಲದ ಮೇಲಿದ್ದಾಗ ಬ್ಯಾರೊ ಜಾಗದಲ್ಲಿ ಅಂಕಿಯ ಬದಲು 'ಗ್ರೌಂಡ್' ಎಂಬ ಪದ ಬರಬಹುದು!

ನಕ್ಷೆಯಲ್ಲಿ ವಿಮಾನ ನಿಂತಂತೆ ಕಂಡರೆ ಡೇಟಾದ 'ಸೀನ್' (seen) ಅಂಕಿ ಅಲ್ಲ, 'ಸೀನ್ ಪೊಸ್' (seen_pos) ಅಂಕಿ ನೋಡಿ. ಕೊನೆಯ ಸ್ಥಾನ ಸಿಕ್ಕಿ ಎಷ್ಟು ಸೆಕೆಂಡ್ ಆಯಿತೆಂದು ಹೇಳುವುದು ಅದೇ.